ಏರ್ ಪ್ಲಾಂಟ್‌ಗೆ ಕೀಟ ಬಿದ್ದಾಗ: ನೀರು, ಸ್ಪಿರಿಟ್, ಸಾಬೂನು, ಬೇವಿನ ಎಣ್ಣೆಗಳಲ್ಲಿ ಯಾವುದನ್ನು ಆರಿಸಬೇಕು?

ಏರ್ ಪ್ಲಾಂಟ್ ಎಂಬ ಹೆಸರಿನಲ್ಲಿ ಮೈಸೂರಿನ ನರ್ಸರಿಗಳಲ್ಲಿ ಮಾರಾಟವಾಗುವ ಟಿಲ್ಯಾಂಡ್ಸಿಯಾ ಗಿಡಗಳಿಗೆ ಮಣ್ಣೂ ಬೇಡ, ಕುಂಡವೂ ಬೇಡ. ಆದರೆ ಅವಕ್ಕೆ ಕೀಟ ಬಿದ್ದಾಗ ಏನು ಮಾಡಬೇಕೆಂದು ವಿಚಾರಿಸಿದರೆ, ದಾಸವಾಳಕ್ಕೋ ಗುಲಾಬಿಗೋ ಹೇಳುವ ಉಪಾಯವನ್ನೇ ಇದಕ್ಕೂ ಹೇಳುವವರು ಹೆಚ್ಚು. ಬೇವಿನ ಎಣ್ಣೆ ಸಿಂಪಡಿಸಿ, ಕೇಳದಿದ್ದರೆ ಅಂಗಡಿಯ ಔಷಧಿ ಹೊಡೆಯಿರಿ ಎಂಬ ಸಲಹೆ ದಾಸವಾಳದ ಮಟ್ಟಿಗೆ ತಪ್ಪೇನಲ್ಲ. ಎಲೆಯಿಂದಲೇ ನೀರು ಕುಡಿಯುವ ಗಿಡಕ್ಕೆ ಅದನ್ನು ಹಾಗೆಯೇ ಅನ್ವಯಿಸಿದರೆ ಕೀಟಕ್ಕಿಂತ ಮೊದಲು ಗಿಡವೇ ಹೋಗುವ ಸಾಧ್ಯತೆ ಉಂಟು.

ಅದಕ್ಕೆ ಕಾರಣ ಗಿಡದ ರಚನೆಯಲ್ಲಿದೆ. ಅನಾನಸ್ ಕುಟುಂಬಕ್ಕೆ ಸೇರಿದ, ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಿಂದ ಅರ್ಜೆಂಟೀನಾದವರೆಗೆ ಹರಡಿರುವ ಈ ಕುಲದಲ್ಲಿ 600ಕ್ಕೂ ಹೆಚ್ಚು ಪ್ರಭೇದಗಳಿವೆ. ಇವುಗಳ ಬೇರು ಮರವನ್ನೋ ಬಂಡೆಯನ್ನೋ ಹಿಡಿದುಕೊಳ್ಳುವುದಕ್ಕಷ್ಟೇ ಮೀಸಲು; ನಮ್ಮ ಮಾವಿನ ಮರದ ಬದನಿಕೆಯಂತೆ ಇವು ಆಶ್ರಯ ಕೊಟ್ಟ ಮರದ ರಸ ಹೀರುವುದಿಲ್ಲ. ನೀರನ್ನೂ ಅದರಲ್ಲಿ ಕರಗಿದ ಲವಣಗಳನ್ನೂ ಒಳಗೆ ತೆಗೆದುಕೊಳ್ಳುವುದು ಎಲೆಯ ಮೇಲ್ಮೈಯನ್ನು ಮುಚ್ಚಿರುವ ಟ್ರೈಕೋಮ್ ಎಂಬ ಸೂಕ್ಷ್ಮ ಬೆಳ್ಳಿ ರೋಮಗಳು. ಇದಲ್ಲದೆ, ಒಣಪ್ರದೇಶದ ಅನೇಕ ಸಸ್ಯಗಳಂತೆ ಇವೂ ರಾತ್ರಿಯ ವೇಳೆ ಪತ್ರರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಸಂಗ್ರಹಿಸಿಕೊಳ್ಳುತ್ತವೆ. ಎಲೆಯ ಮೇಲೆ ಎಣ್ಣೆಯ ಪದರವೋ ರಾತ್ರಿಯಿಡೀ ಆರದ ನೀರಿನ ಪದರವೋ ನಿಂತರೆ ಗಿಡಕ್ಕೆ ಬಾಯಿಯನ್ನೂ ಮೂಗನ್ನೂ ಒಟ್ಟಿಗೆ ಮುಚ್ಚಿದಂತಾಗುತ್ತದೆ. ಆದ್ದರಿಂದ ಈ ಹೋಲಿಕೆಯಲ್ಲಿ ಪ್ರತಿಯೊಂದು ಉಪಾಯವನ್ನೂ ಅದು ಎಷ್ಟು ಬಲವಾಗಿ ಕೊಲ್ಲುತ್ತದೆ ಎಂಬುದಕ್ಕಿಂತ, ಕೆಲಸ ಮುಗಿದ ಮೇಲೆ ಎಲೆಯ ಮೇಲೆ ಏನನ್ನು ಉಳಿಸಿ ಹೋಗುತ್ತದೆ ಎಂಬ ಅಳತೆಯಿಂದ ನೋಡಿದ್ದೇನೆ.

ಮೊದಲು, ಅದು ಕೀಟವೇ?

ಏರ್ ಪ್ಲಾಂಟ್‌ನ ಮೇಲೆ ಬಿಳಿಯದೇನೋ ಕಂಡಿತೆಂದು ಔಷಧಿಗೆ ಕೈಹಾಕುವ ಮುನ್ನ ಒಂದು ಸುಲಭ ಪರೀಕ್ಷೆ ಮಾಡಬೇಕು. ಅನುಮಾನವಿರುವ ಭಾಗವನ್ನು ನೀರಿನಿಂದ ಚೆನ್ನಾಗಿ ತೋಯಿಸಿ. ಬಿಳಿ ಬಣ್ಣ ಮಾಯವಾಗಿ ಎಲೆ ಹಸಿರಾದರೆ ಅದು ಟ್ರೈಕೋಮ್. ನೀರು ಹೀರಿದಾಗ ಈ ರೋಮಗಳು ಪಾರದರ್ಶಕವಾಗುತ್ತವೆ. ತೋಯಿಸಿದ ಮೇಲೂ ಹತ್ತಿಯಂತಹ ಬಿಳಿ ಗಂಟು ಹಾಗೆಯೇ ಉಳಿದು, ನೀರು ಅದರ ಮೇಲಿಂದ ಜಾರಿ ಹೋದರೆ ಅದು ಹಿಟ್ಟು ತಿಗಣೆ, ಏಕೆಂದರೆ ಅದರ ಮೈಮೇಲಿನ ಮೇಣ ನೀರನ್ನು ಹತ್ತಿರ ಸೇರಿಸುವುದಿಲ್ಲ. ಎಲೆಯ ತುದಿಯಲ್ಲಿಯೂ ಬುಡದ ಅಂಚಿನಲ್ಲಿಯೂ ಗಟ್ಟಿಯಾದ ಬಿಳಿ ಪೊರೆಯಂತೆ ಕಾಣುವುದು ಬಹುಮಟ್ಟಿಗೆ ಗಡಸು ನೀರಿನ ಸುಣ್ಣದ ಅಂಶ. ಬೋರ್‌ವೆಲ್ ನೀರನ್ನೇ ಹಾಕುವ ಮಂಡ್ಯದ ಮನೆಗಳಲ್ಲಿ ಇದನ್ನು ಕೀಟವೆಂದು ಭಾವಿಸುವುದು ಸಹಜ. ಗಿಡದ ನಡುಭಾಗ ಮೆತ್ತಗಾಗಿ, ಬುಡ ಕಪ್ಪಾಗಿ, ಒಳಗಿನ ಎಲೆಗಳು ಮುಟ್ಟಿದರೆ ಕಳಚಿ ಬರುತ್ತಿದ್ದರೆ ಅದು ಕೊಳೆ. ಅದಕ್ಕೆ ಕೀಟನಾಶಕದಿಂದ ಯಾವ ಪ್ರಯೋಜನವೂ ಇಲ್ಲ.

ಕೀಟವೆಂದು ಖಚಿತವಾದ ಮೇಲೆ ಯಾವ ಕೀಟ ಎಂಬುದನ್ನು ಗುರುತಿಸಬೇಕು. ನಮ್ಮ ಕಡೆ ಮುಖ್ಯವಾಗಿ ಕಾಡುವುದು ಹಿಟ್ಟು ತಿಗಣೆ. ಅದು ಎಲೆಗಳ ಬುಡ ಒಂದರೊಳಗೊಂದು ಸೇರುವ ಸಂದಿಯಲ್ಲಿ ಅಡಗಿ ರಸ ಹೀರುತ್ತದೆ. ಶಲ್ಕ ಕೀಟವು ಕಂದು ಅಥವಾ ನಸುಬಿಳಿಯ ಚಿಕ್ಕ ಚಿಪ್ಪಿನಂತೆ ಎಲೆಗೆ ಅಂಟಿಕೊಂಡು ಅಲುಗಾಡದೆ ಇರುತ್ತದೆ. ಸಸ್ಯಹೇನುಗಳು ಸಾಮಾನ್ಯವಾಗಿ ಹೂತೆನೆ ಬಂದಾಗ ಅದರ ಎಳೆಯ ಭಾಗಕ್ಕೆ ಮುತ್ತುತ್ತವೆ. ನುಸಿಯನ್ನು ಬರಿಗಣ್ಣಿನಿಂದ ನೋಡುವುದು ಕಷ್ಟ. ಎಲೆಯ ಮೇಲೆ ಸೂಜಿಮೊನೆಯಷ್ಟು ಹಳದಿ ಚುಕ್ಕೆಗಳೂ ತೆಳುವಾದ ಬಲೆಯೂ ಕಂಡರೆ ಗಿಡವನ್ನು ಬಿಳಿ ಹಾಳೆಯ ಮೇಲೆ ಮೆಲ್ಲನೆ ಕೊಡವಿ ನೋಡಿ. ಹಾಳೆಯ ಮೇಲೆ ಬಿದ್ದ ಚುಕ್ಕೆಗಳು ಹರಿದಾಡತೊಡಗಿದರೆ ಅನುಮಾನ ಬೇಡ. ಅಮೆರಿಕದ ಫ್ಲಾರಿಡಾವನ್ನು ಮನಸ್ಸಿನಲ್ಲಿಟ್ಟು ಬರೆದ ಮಾರ್ಗದರ್ಶಿಗಳಲ್ಲಿ ಗಿಡದ ನಡುವನ್ನೇ ಕೊರೆದು ತಿನ್ನುವ ಒಂದು ಮೂತಿಹುಳುವಿನ ವಿಷಯ ದೊಡ್ಡದಾಗಿ ಬರುತ್ತದೆ. ಮೆಕ್ಸಿಕೋ ಮತ್ತು ಗ್ವಾಟೆಮಾಲಾ ಮೂಲದ ಆ ಹುಳು 1989ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡು ಅಲ್ಲಿನ ಕಾಡು ಟಿಲ್ಯಾಂಡ್ಸಿಯಾಗಳನ್ನು ಹಾಳುಗೆಡವಿತು. ಮೈಸೂರಿನ ವರಾಂಡದಲ್ಲಿ ಅದರ ಚಿಂತೆ ಮಾಡಬೇಕಾದ್ದಿಲ್ಲ.

ನೀರು

ನುಸಿಗೂ ಸಸ್ಯಹೇನಿಗೂ ನೀರಿಗಿಂತ ಒಳ್ಳೆಯ ಮೊದಲ ಮದ್ದಿಲ್ಲ ಎಂಬುದು ನನ್ನ ಅಭಿಪ್ರಾಯ. ಗಿಡವನ್ನು ತಲೆಕೆಳಗಾಗಿ ಹಿಡಿದು ನಲ್ಲಿಯ ಕೆಳಗೋ ಸ್ಪ್ರೇಯರಿನ ಬಿರುಸಾದ ಧಾರೆಗೋ ಒಡ್ಡಿದರೆ ಮೇಲ್ಮೈಯಲ್ಲಿರುವ ಬಹುಪಾಲು ಕೀಟಗಳು ಕೊಚ್ಚಿ ಹೋಗುತ್ತವೆ, ಎಲೆಯ ಮೇಲೆ ಹೊರಗಿನ ವಸ್ತು ಏನೂ ಉಳಿಯುವುದಿಲ್ಲ. ಇನ್ನೊಂದು ಕ್ರಮವೆಂದರೆ ಗಿಡವನ್ನು ಬಕೆಟ್ಟಿನ ನೀರಿನಲ್ಲಿ ಪೂರ್ತಿ ಮುಳುಗಿಸಿ ಎರಡು ಮೂರು ಗಂಟೆ ಬಿಡುವುದು. ಇದರಿಂದ ಮೇಣ ಹೊದ್ದ ದೊಡ್ಡ ಹಿಟ್ಟು ತಿಗಣೆಗಳಾಗಲಿ ಹತ್ತಿಯಂತಹ ಚೀಲದೊಳಗಿನ ಮೊಟ್ಟೆಗಳಾಗಲಿ ಸಾಯುವುದಿಲ್ಲ. ಆದರೆ ಆಗತಾನೇ ಮೊಟ್ಟೆಯೊಡೆದು ಬಂದ ಮರಿಗಳು ಕಳಚಿ ತೇಲುತ್ತವೆ.

ನೀರಿನ ಉಪಾಯದ ದೌರ್ಬಲ್ಯವಿರುವುದು ಅನಂತರದ ಒಣಗುವಿಕೆಯಲ್ಲಿ. ಮುಳುಗಿಸಿದ ಗಿಡವನ್ನು ಕೊಡವಿ, ತಲೆಕೆಳಗಾಗಿಟ್ಟು, ಸುಮಾರು 4 ಗಂಟೆಯೊಳಗೆ ಒಳಸಂದಿಗಳೂ ಆರುವಂತೆ ಗಾಳಿಯಲ್ಲಿ ಬಿಡಬೇಕು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮೈಸೂರಿನಲ್ಲಿ ಇದು ತಾನಾಗಿಯೇ ಆಗುತ್ತದೆ. ನುಸಿ ಹೆಚ್ಚುವುದೂ ಬಿಸಿಲು ಮತ್ತು ಒಣಹವೆಯ ಈ ತಿಂಗಳುಗಳಲ್ಲಿಯೇ ಆದ್ದರಿಂದ ರೋಗಕ್ಕೂ ಮದ್ದಿಗೂ ಕಾಲ ಕೂಡಿಬರುತ್ತದೆ. ಜೂನ್ ನಂತರದ ಮೋಡದ ದಿನಗಳಲ್ಲಿ, ಅದರಲ್ಲಿಯೂ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಸುತ್ತ ಭತ್ತದ ಗದ್ದೆ ಮತ್ತು ಕಬ್ಬಿನ ನಡುವೆ ಇರುವ ಊರುಗಳಲ್ಲಿ, ಗಂಟೆಗಟ್ಟಲೆ ಮುಳುಗಿಸಿದ ಗಿಡವನ್ನು ಫ್ಯಾನಿನ ಗಾಳಿಯಿಲ್ಲದೆ ಒಣಗಿಸುವುದು ಕಷ್ಟ. ಆ ಕಾಲದಲ್ಲಿ ಮುಳುಗಿಸುವುದಕ್ಕಿಂತ ಧಾರೆಯಿಂದ ತೊಳೆಯುವುದು ಲೇಸು. ಬಲ್ಬೋಸಾ, ಕ್ಯಾಪುಟ್ ಮೆಡ್ಯೂಸೆಯಂತಹ ಬುಡ ಉಬ್ಬಿರುವ ಜಾತಿಗಳನ್ನು ಯಾವ ಕಾಲದಲ್ಲಿಯೂ ಬಹಳ ಹೊತ್ತು ಮುಳುಗಿಸಬಾರದು, ಏಕೆಂದರೆ ಅವುಗಳ ಟೊಳ್ಳಾದ ಬುಡದೊಳಗೆ ಹೊಕ್ಕ ನೀರು ಸುಲಭವಾಗಿ ಹೊರಬರುವುದಿಲ್ಲ. ತವರಿನ ಕಾಡಿನಲ್ಲಿ ಆ ಟೊಳ್ಳುಗಳಲ್ಲಿ ಇರುವೆಗಳು ಗೂಡು ಮಾಡುತ್ತವೆ. ನಮ್ಮಲ್ಲಿ ಅದೇ ಟೊಳ್ಳು ಹಿಟ್ಟು ತಿಗಣೆಯ ಮನೆಯಾಗುತ್ತದೆ.

ಸ್ಪಿರಿಟ್

ಹಿಟ್ಟು ತಿಗಣೆ ಮತ್ತು ಶಲ್ಕ ಕೀಟಕ್ಕೆ ನನ್ನ ಮೊದಲ ಆಯ್ಕೆ ಮೆಡಿಕಲ್ ಶಾಪಿನಲ್ಲಿ ಸಿಗುವ 70% ಐಸೊಪ್ರೊಪೈಲ್ ಆಲ್ಕೋಹಾಲ್. ಕಿವಿಗೆ ಬಳಸುವ ಹತ್ತಿಕಡ್ಡಿಯನ್ನು ಅದರಲ್ಲಿ ಅದ್ದಿ ಒಂದೊಂದು ಕೀಟಕ್ಕೂ ಮುಟ್ಟಿಸಿದರೆ ಆಲ್ಕೋಹಾಲ್ ಮೇಣವನ್ನು ಭೇದಿಸಿ ಒಳಗಿನ ಹುಳುವನ್ನು ಕೊಲ್ಲುತ್ತದೆ. ಸತ್ತ ತಿಗಣೆ ಸಾಮಾನ್ಯವಾಗಿ ಬಿಳಿ ಬಣ್ಣ ಕಳೆದುಕೊಂಡು ಕಂದಾಗುತ್ತದೆ. ಈ ಉಪಾಯದ ದೊಡ್ಡ ಗುಣವೆಂದರೆ ಸ್ಪಿರಿಟ್ ಆವಿಯಾಗಿ ಹೋಗುತ್ತದೆ, ಟ್ರೈಕೋಮ್‌ಗಳನ್ನು ಮುಚ್ಚುವ ಪದರವನ್ನು ಬಿಡುವುದಿಲ್ಲ. ಹೆಚ್ಚು ಸಾಂದ್ರತೆಯದು ಹೆಚ್ಚು ಒಳ್ಳೆಯದೆಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. 90% ಮೀರಿದ ಸ್ಪಿರಿಟ್ ಕೀಟದೊಳಗೆ ಇಳಿಯುವ ಮೊದಲೇ ಆರುತ್ತದೆ, ಎಲೆಯನ್ನೂ ಸುಡುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಜೆಲ್‌ನಲ್ಲಿ ಗ್ಲಿಸರಿನ್, ಸುಗಂಧ ಮುಂತಾದವು ಸೇರಿರುವುದರಿಂದ ಅದನ್ನು ಬದಲಿಯಾಗಿ ಬಳಸಬಾರದು.

ಕೀಟ ಎಣಿಕೆಗೆ ಸಿಗದಷ್ಟು ಹರಡಿದ್ದರೆ ಒಂದು ಪಾಲು ಸ್ಪಿರಿಟ್‌ಗೆ ಎರಡು ಪಾಲು ನೀರು ಬೆರೆಸಿ ಸಿಂಪಡಿಸಬಹುದು. ಆಗ ಮೊದಲು ಒಂದೇ ಎಲೆಯ ಮೇಲೆ ಹಾಕಿ ಎರಡು ದಿನ ಕಾದು ನೋಡಬೇಕು; ಟೆಕ್ಟೋರಮ್‌ನಂತೆ ಉದ್ದ ರೋಮಗಳಿಂದ ತುಪ್ಪುಳಿನಂತಾಗಿರುವ ಜಾತಿಗಳ ಮೇಲೆ ಸಿಂಪಡಣೆ ಬಿಟ್ಟು ಹತ್ತಿಕಡ್ಡಿಯನ್ನೇ ನಂಬುವುದು ಒಳ್ಳೆಯದು. ಬೆಳಗಿನ ಹೊತ್ತು ನೆರಳಿನಲ್ಲಿ ಈ ಕೆಲಸ ಮಾಡಿ, ಹತ್ತು ನಿಮಿಷದ ನಂತರ ತೊಳೆದು, ಸಂಜೆಯೊಳಗೆ ಗಿಡ ಒಣಗುವಂತೆ ನೋಡಿಕೊಳ್ಳಬೇಕು. ಸ್ಪಿರಿಟ್ ಥಟ್ಟನೆ ಹೊತ್ತಿಕೊಳ್ಳುವ ದ್ರವವಾದ್ದರಿಂದ ಅಡುಗೆಮನೆಯಲ್ಲಾಗಲಿ ದೇವರ ದೀಪ ಉರಿಯುತ್ತಿರುವ ಕೋಣೆಯಲ್ಲಾಗಲಿ ಸಿಂಪಡಿಸುವಂತಿಲ್ಲ.

ಇದರ ಕೊರತೆ ಒಂದೇ: ಮುಟ್ಟಿದ ಕೀಟವನ್ನಷ್ಟೇ ಇದು ಕೊಲ್ಲುತ್ತದೆ. ಹೆಣ್ಣು ತಿಗಣೆ ನೂರಾರು ಮೊಟ್ಟೆಗಳನ್ನು ಚೀಲದಲ್ಲಿಟ್ಟಿರುತ್ತದೆ, ಅವು ಕೆಲವು ದಿನಗಳ ನಂತರ ಒಡೆಯುತ್ತವೆ. ಹಾಗಾಗಿ ವಾರಕ್ಕೊಮ್ಮೆಯಂತೆ ಮೂರು ನಾಲ್ಕು ಸಲ ಇದನ್ನೇ ಮಾಡದೆ ಒಂದು ಸಲಕ್ಕೆ ಕೈಬಿಟ್ಟರೆ ಉಪಾಯ ಸೋತಿತೆಂದು ತಪ್ಪಾಗಿ ತೋರುತ್ತದೆ. ಅಷ್ಟು ತಾಳ್ಮೆಯಿಲ್ಲದವರಿಗೆ ಇದು ಹೇಳಿಮಾಡಿಸಿದ ಮದ್ದಲ್ಲ.

ಸಾಬೂನಿನ ದ್ರಾವಣ

ಗಿಡಗಳಿಗೆಂದೇ ಮಾಡಿದ ಕೀಟನಾಶಕ ಸಾಬೂನು ಕೊಬ್ಬಿನಾಮ್ಲಗಳ ಪೊಟ್ಯಾಸಿಯಂ ಲವಣ. ಅದು ಮೆತ್ತನೆ ಮೈಯ ಕೀಟಗಳ ಹೊರಪೊರೆಯನ್ನು ಕೆಡಿಸಿ ಅವು ಒಣಗಿ ಸಾಯುವಂತೆ ಮಾಡುತ್ತದೆ. ಪಾತ್ರೆ ತೊಳೆಯುವ ದ್ರವ ಇದಕ್ಕೆ ಬದಲಿಯಲ್ಲ. ಅದು ಜಿಡ್ಡು ತೆಗೆಯಲು ಮಾಡಿದ ಡಿಟರ್ಜೆಂಟ್, ಎಲೆಯ ಮೇಣವನ್ನೂ ತೆಗೆದುಬಿಡುತ್ತದೆ. ನುಸಿ, ಸಸ್ಯಹೇನು, ಎಳೆಯ ಹಿಟ್ಟು ತಿಗಣೆ ಎಲ್ಲಕ್ಕೂ ಒಂದೇ ಸಲಕ್ಕೆ ಕೆಲಸ ಮಾಡುವುದರಿಂದ, ಹತ್ತಾರು ಗಿಡಗಳಿಗೆ ಒಟ್ಟಿಗೆ ಉಪಚಾರ ಮಾಡಬೇಕಾದವರಿಗೆ ಹತ್ತಿಕಡ್ಡಿಗಿಂತ ಸಾಬೂನು ಅನುಕೂಲ.

ಆದರೆ ಮಂಡ್ಯ ಜಿಲ್ಲೆಯ ಓದುಗರು ಇಲ್ಲಿ ನೀರಿನ ಕಡೆಗೆ ಗಮನ ಕೊಡಬೇಕು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸಾಬೂನಿನೊಂದಿಗೆ ಸೇರಿ ಕರಗದ ಜಿಗುಟಾಗುತ್ತವೆ. ಸ್ನಾನದ ಬಕೆಟ್ಟಿನ ಅಂಚಿನಲ್ಲಿ ಕಾಣುವ ಅದೇ ಬಿಳಿ ಜಿಗುಟು. ಆಗ ಕೀಟವನ್ನು ಕೊಲ್ಲುವ ಶಕ್ತಿ ಕುಗ್ಗುವುದಲ್ಲದೆ ಆ ಜಿಗುಟೆಲ್ಲ ಟ್ರೈಕೋಮ್‌ಗಳ ಮೇಲೆ ಕೂರುತ್ತದೆ. ಮಳೆನೀರು ಅಥವಾ ಆರ್‌ಒ ನೀರಿನಲ್ಲಿ, ಲೇಬಲ್ಲಿನಲ್ಲಿ ಹೇಳಿದ ಕನಿಷ್ಠ ಪ್ರಮಾಣದಲ್ಲಿ ಕದಡಿ, ಸಿಂಪಡಿಸಿದ ಅರ್ಧ ಗಂಟೆಯೊಳಗೆ ಅಂತಹುದೇ ನೀರಿನಿಂದ ತೊಳೆಯುವುದಾದರೆ ಮಾತ್ರ ಸಾಬೂನು ಸೂಕ್ತ. ಬೋರ್‌ವೆಲ್ ನೀರಲ್ಲದೆ ಬೇರೆ ಇಲ್ಲದ ಮನೆಯವರು ಸ್ಪಿರಿಟ್‌ಗೇ ಅಂಟಿಕೊಳ್ಳಲಿ.

ಬೇವಿನ ಎಣ್ಣೆ

ಬೇವಿನ ಎಣ್ಣೆಯ ಮೇಲೆ ನಮಗಿರುವ ಗೌರವ ಅನುಭವದಿಂದ ಬಂದದ್ದು, ಅದನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಅದರಲ್ಲಿರುವ ಅಜಾಡಿರಕ್ಟಿನ್ ಕೀಟಗಳ ಹಸಿವನ್ನು ಕೆಡಿಸಿ ಪೊರೆ ಕಳಚುವುದನ್ನು ತಡೆಯುತ್ತದೆ, ಎಣ್ಣೆ ಅವುಗಳ ಉಸಿರಾಟದ ರಂಧ್ರಗಳನ್ನು ಮುಚ್ಚುತ್ತದೆ. ಕೀಟದ ರಂಧ್ರವನ್ನು ಮುಚ್ಚುವ ಎಣ್ಣೆ ಗಿಡದ ರಂಧ್ರವನ್ನೂ ಮುಚ್ಚುತ್ತದೆ ಎಂಬುದೇ ಏರ್ ಪ್ಲಾಂಟ್‌ನ ವಿಷಯದಲ್ಲಿರುವ ತೊಡಕು. ನುಣುಪಾದ ಹಸಿರು ಎಲೆಯ ಜಾತಿಗಳು ಇದನ್ನು ಒಂದು ಮಟ್ಟಿಗೆ ತಾಳಿಕೊಳ್ಳುತ್ತವೆ. ಬೆಳ್ಳಿಬಣ್ಣದ ಝೆರೊಗ್ರಾಫಿಕಾ, ಟೆಕ್ಟೋರಮ್, ಸ್ಪ್ಯಾನಿಷ್ ಮಾಸ್ ಇವುಗಳ ಮೇಲೆ ಎಣ್ಣೆ ಬಿದ್ದರೆ ರೋಮಗಳು ಅಂಟಿಕೊಂಡು ನೀರು ಹೀರುವ ಕೆಲಸವೇ ನಿಲ್ಲುತ್ತದೆ. ಹಸಿರು ಜಾತಿಗೆ ಹಾಕಲೇಬೇಕೆಂದಿದ್ದರೆ ಬೇರೆ ಗಿಡಗಳಿಗೆ ಲೀಟರಿಗೆ 5 ಮಿ.ಲೀ. ಹಾಕುವ ಕಡೆ 2 ಮಿ.ಲೀ. ಸಾಕು. ಎಣ್ಣೆ ತೇಲದಂತೆ ಸಾಬೂನಿನೊಂದಿಗೆ ಚೆನ್ನಾಗಿ ಕದಡಿ, ಬಿಸಿಲೇರುವ ಮೊದಲು ನೆರಳಿನಲ್ಲಿ ಸಿಂಪಡಿಸಿ, ಮಾರನೆಯ ದಿನ ಬೆಳಿಗ್ಗೆ ಧಾರಾಳವಾಗಿ ತೊಳೆಯಬೇಕು. ಮಳೆಗಾಲದಲ್ಲಿ ಬೇಡವೇ ಬೇಡ. ಹೊಂಗೆ ಎಣ್ಣೆಗೂ ಈ ಮಾತೇ ಅನ್ವಯಿಸುತ್ತದೆ.

ಅಂಗಡಿಯ ಔಷಧಿ

ಗೊಬ್ಬರ ಮತ್ತು ಔಷಧಿಯ ಅಂಗಡಿಯಲ್ಲಿ ಹಿಟ್ಟು ತಿಗಣೆ ಎಂದರೆ ಸಾಮಾನ್ಯವಾಗಿ ಕೈಗೆ ಬರುವುದು ಇಮಿಡಾಕ್ಲೋಪ್ರಿಡ್. ಇದು ಅಂತರ್ವ್ಯಾಪಿ ಕೀಟನಾಶಕ: ಬೇರಿನಿಂದ ಹೀರಲ್ಪಟ್ಟು ಗಿಡದ ರಸದಲ್ಲಿ ಸೇರಿ, ಆ ರಸ ಕುಡಿದ ಕೀಟವನ್ನು ಕೊಲ್ಲುತ್ತದೆ. ಬೇರು ಏನನ್ನೂ ಹೀರದ ಗಿಡದಲ್ಲಿ ಬುಡಕ್ಕೆ ಹಾಕುವ ಕ್ರಮಕ್ಕೆ ಅರ್ಥವೇ ಇಲ್ಲ. ಎಲೆಗೆ ಹೊಡೆದರೆ ಒಳಗೆ ಹೋಗುತ್ತದೆ ನಿಜ, ಆದರೆ ಅದರ ಅಂಶ ಹೂವಿನ ಮಕರಂದದವರೆಗೂ ಹೋಗಬಲ್ಲದು. ಜೇನುನೊಣಗಳಿಗೆ ಆಗುವ ಹಾನಿಯ ಕಾರಣಕ್ಕೆ ಯುರೋಪಿಯನ್ ಒಕ್ಕೂಟ 2018ರಲ್ಲಿ ಹೊರಾಂಗಣದ ಬೆಳೆಗಳಲ್ಲಿ ಇದರ ಬಳಕೆಯನ್ನು ನಿಷೇಧಿಸಿತು. ನುಸಿಗಂತೂ ಇದು ಮದ್ದೇ ಅಲ್ಲ. ನುಸಿ ಕೀಟವರ್ಗಕ್ಕೆ ಸೇರದ ಜೀವಿ, ಇಮಿಡಾಕ್ಲೋಪ್ರಿಡ್ ಹೊಡೆದ ಗಿಡಗಳಲ್ಲಿ ನುಸಿ ಮೊದಲಿಗಿಂತ ಹೆಚ್ಚಾದದ್ದು ದಾಖಲಾಗಿದೆ.

ನಮ್ಮ ಭಾಗಕ್ಕೇ ಸೇರಿದ ಇನ್ನೊಂದು ಕಾರಣವೂ ಇದೆ. ಮಳವಳ್ಳಿ, ಮದ್ದೂರು, ತಿರುಮಕೂಡಲು ನರಸೀಪುರದ ಕಡೆಯ ಊರುಗಳಲ್ಲಿ ನಿಮ್ಮ ಮನೆಯಲ್ಲಿ ಅಲ್ಲದಿದ್ದರೂ ಪಕ್ಕದ ಮನೆಯಲ್ಲಿ ರೇಷ್ಮೆ ಹುಳು ಸಾಕಿರಬಹುದು. ಕೀಟನಾಶಕದ ತುಂತುರು ಗಾಳಿಯಲ್ಲಿ ತೇಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೂ, ಔಷಧಿ ಮುಟ್ಟಿದ ಕೈಯಲ್ಲೇ ಸೊಪ್ಪು ಹಾಕಿದರೂ ಹುಳುಗಳ ಇಡೀ ತಂಡ ಸಾಯಬಹುದು. ಬೇವಿನ ಎಣ್ಣೆಯೂ ರೇಷ್ಮೆ ಹುಳುವಿಗೆ ಆಗದು. ಅಲಂಕಾರದ ನಾಲ್ಕು ಗಿಡಗಳಿಗಾಗಿ ಒಬ್ಬರ ಬೆಳೆಯನ್ನು ಅಪಾಯಕ್ಕೊಡ್ಡುವುದು ಯಾವ ಲೆಕ್ಕದಲ್ಲಿಯೂ ಸರಿಯಲ್ಲವಾದ್ದರಿಂದ ಅಂಗಡಿಯ ಔಷಧಿಯನ್ನು ನಾನು ಆಯ್ಕೆಗಳ ಪಟ್ಟಿಯಿಂದಲೇ ತೆಗೆದಿದ್ದೇನೆ.

ಇದರ ಜೊತೆಗೇ ಹೇಳಬೇಕಾದ ಎಚ್ಚರಿಕೆಯೆಂದರೆ ತಾಮ್ರ. ಎಲೆಯಲ್ಲಿ ಕೊಳೆ ಕಂಡಿತೆಂದು ಮೈಲುತುತ್ತದಿಂದ ಮಾಡುವ ಬೋರ್ಡೋ ದ್ರಾವಣವನ್ನೋ ಕಾಪರ್ ಆಕ್ಸಿಕ್ಲೋರೈಡನ್ನೋ ಸಿಂಪಡಿಸಿದರೆ ಅಡಿಕೆಗೆ ಆಗುವ ಉಪಕಾರ ಏರ್ ಪ್ಲಾಂಟ್‌ಗೆ ಆಗುವುದಿಲ್ಲ. ಅನಾನಸ್ ಕುಟುಂಬದ ಈ ಗಿಡಗಳಿಗೆ ತಾಮ್ರ ವಿಷ. ತಾಮ್ರದ ಹಂಡೆಯಲ್ಲಿ ರಾತ್ರಿಯಿಡೀ ಇಟ್ಟ ನೀರನ್ನು ಹಾಕುವುದೂ, ತಾಮ್ರದ ತಂತಿಯಿಂದ ಗಿಡ ಕಟ್ಟುವುದೂ ಬೇಡ.

ಹುಳುವಿಗೆ ಹುಳು

ಕ್ರಿಪ್ಟೋಲೀಮಸ್ ಎಂಬ ಆಸ್ಟ್ರೇಲಿಯಾ ಮೂಲದ ಗುಲಗಂಜಿ ಹುಳುವನ್ನು ದ್ರಾಕ್ಷಿ, ಸೀಬೆ ತೋಟಗಳಲ್ಲಿ ಹಿಟ್ಟು ತಿಗಣೆಯ ವಿರುದ್ಧ ಬಿಡುವುದುಂಟು. ವರಾಂಡದ ಹತ್ತು ಗಿಡಗಳಿಗೆ ಇದನ್ನು ತಂದು ಬಿಡುವುದರಿಂದ ಪ್ರಯೋಜನವಿಲ್ಲ, ತಿನ್ನಲು ಸಾಕಷ್ಟು ಸಿಗದೆ ಅವು ಹಾರಿ ಹೋಗುತ್ತವೆ. ಆದರೆ ಅವು ತಾವಾಗಿ ಬಂದಿದ್ದರೆ ಗುರುತಿಸುವುದು ಮುಖ್ಯ: ಅದರ ಮರಿಹುಳುವಿನ ಮೈಮೇಲೂ ಬಿಳಿ ಮೇಣದ ಎಳೆಗಳಿದ್ದು ನೋಡಲು ದೊಡ್ಡ ಹಿಟ್ಟು ತಿಗಣೆಯಂತೆಯೇ ಇರುತ್ತದೆ. ತಿಗಣೆಗಿಂತ ಬಹಳ ದೊಡ್ಡದಾಗಿ, ಚುರುಕಾಗಿ ಓಡಾಡುತ್ತಿರುವುದನ್ನು ಕಂಡರೆ ಸ್ಪಿರಿಟ್ ಬದಿಗಿಟ್ಟು ಕೆಲವು ದಿನ ಕಾಯಬಹುದು.

ಗಿಡ ಬಿಟ್ಟುಕೊಡುವುದು

ಇದನ್ನೂ ಒಂದು ಆಯ್ಕೆಯೆಂದು ಎಣಿಸಬೇಕು. ಟಿಲ್ಯಾಂಡ್ಸಿಯಾ ಗಿಡದ ಒಂದು ಗುಚ್ಛ ಒಂದೇ ಸಲ ಹೂಬಿಟ್ಟು, ಬುಡದಲ್ಲಿ ಮರಿಗಳನ್ನು ಕೊಟ್ಟು, ನಿಧಾನವಾಗಿ ಒಣಗುತ್ತದೆ. ಹೂಬಿಟ್ಟು ಮುಗಿದ ತಾಯಿಗಿಡದ ಬುಡದ ತುಂಬ ತಿಗಣೆ ಸೇರಿಕೊಂಡಿದ್ದರೆ ಅದನ್ನು ಉಳಿಸಲು ವಾರಗಟ್ಟಲೆ ಹೆಣಗುವುದಕ್ಕಿಂತ, ತಾಯಿಯ ಮೂರನೇ ಒಂದು ಭಾಗದಷ್ಟು ಬೆಳೆದ ಮರಿಗಳನ್ನು ಬಿಡಿಸಿ, ಸ್ಪಿರಿಟ್‌ನಿಂದ ಶುಚಿಮಾಡಿ ಬೇರೆಯಿಟ್ಟು, ತಾಯಿಯನ್ನು ಕವರಿನಲ್ಲಿ ಬಿಗಿಯಾಗಿ ಕಟ್ಟಿ ಎಸೆಯುವುದು ಜಾಣತನ. ಸ್ಪ್ಯಾನಿಷ್ ಮಾಸ್‌ನಲ್ಲಿ ತಿಗಣೆ ಸೇರಿದ ಎಳೆಗಳನ್ನು ಬಿಡಿಸಿ ಸರಿಮಾಡುವುದು ಆಗದ ಕೆಲಸ. ಹಿಡಿದ ಭಾಗವನ್ನು ಧಾರಾಳವಾಗಿ ಕತ್ತರಿಸಿ, ಉಳಿದದ್ದನ್ನು ತೊಳೆದು ಇಟ್ಟುಕೊಂಡರೆ ಬೇಗ ತುಂಬಿಕೊಳ್ಳುತ್ತದೆ. ಕತ್ತರಿಸಿದ್ದನ್ನು ಗೊಬ್ಬರದ ಗುಂಡಿಗೆ ಹಾಕಬಾರದು.

ತಡೆಯುವುದರಲ್ಲಿ ಎರಡು ದಾರಿ

ಮುನ್ನೆಚ್ಚರಿಕೆಗೆಂದು ತಿಂಗಳಿಗೊಮ್ಮೆ ಏನಾದರೊಂದನ್ನು ಸಿಂಪಡಿಸುತ್ತಿರುವುದು ಒಂದು ದಾರಿ. ಕೀಟ ಬರುವ ಬಾಗಿಲುಗಳನ್ನು ಮುಚ್ಚುವುದು ಇನ್ನೊಂದು. ಏರ್ ಪ್ಲಾಂಟ್‌ಗೆ ಮೊದಲನೆಯದು ಹೊಂದುವುದಿಲ್ಲವೆಂದು ಇಷ್ಟರಲ್ಲಾಗಲೇ ಸ್ಪಷ್ಟವಾಗಿರಬೇಕು, ಏಕೆಂದರೆ ಪ್ರತಿ ಸಿಂಪಡಣೆಯೂ ಎಲೆಯ ಮೇಲೆ ಸ್ವಲ್ಪ ಸ್ವಲ್ಪ ಉಳಿಯುತ್ತ ಬರುತ್ತದೆ.

ಬಾಗಿಲುಗಳಲ್ಲಿ ದೊಡ್ಡದು ಇರುವೆ. ಹಿಟ್ಟು ತಿಗಣೆ, ಶಲ್ಕ ಕೀಟ, ಸಸ್ಯಹೇನುಗಳು ವಿಸರ್ಜಿಸುವ ಸಿಹಿ ಅಂಟಿಗಾಗಿ ಇರುವೆಗಳು ಅವುಗಳನ್ನು ಕಾಯುತ್ತವೆ, ಗುಲಗಂಜಿ ಹುಳುಗಳನ್ನು ಓಡಿಸುತ್ತವೆ, ಹಿಟ್ಟು ತಿಗಣೆಯ ಮರಿಗಳನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಹೊತ್ತೊಯ್ಯುವುದೂ ಉಂಟು. ಅದೇ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಮೈಸೂರಿನ ಮನೆಗಳ ಮುಂದೆ ದಾಸವಾಳ, ಹಿತ್ತಿಲಲ್ಲಿ ಸೀಬೆ, ಸೀತಾಫಲ, ಪರಂಗಿ ಇರುವುದು ಸಾಮಾನ್ಯ, ಇವೆಲ್ಲ ಹಿಟ್ಟು ತಿಗಣೆಗೆ ಪ್ರಿಯವಾದವು. ಅವುಗಳ ಕೊಂಬೆಗೆ ಏರ್ ಪ್ಲಾಂಟ್ ಕಟ್ಟಿದರೆ ಅಂದವಾಗಿ ಕಾಣುತ್ತದೆ, ಕೀಟವೂ ನೇರವಾಗಿ ಇಳಿಯುತ್ತದೆ. ಗೋಡೆಗೂ ಕೊಂಬೆಗೂ ತಾಗದಂತೆ ಸ್ಟೀಲ್ ತಂತಿಯಲ್ಲಿ ನೇತುಹಾಕಿ, ತಂತಿಯ ಮೇಲ್ತುದಿಗೆ ಬೆರಳಗಲ ವ್ಯಾಸಲೀನ್ ಸವರಿದರೆ ಇರುವೆಯ ದಾರಿ ಮುಚ್ಚುತ್ತದೆ. ಗಾಜಿನ ಗುಂಡುಪಾತ್ರೆಯೊಳಗೆ ಪಾಚಿ ಹಾಸಿ ಗಿಡ ಕೂರಿಸುವ ಅಲಂಕಾರಕ್ಕಿಂತ, ತೆಂಗಿನ ನಾರಿನಲ್ಲಿ ಬುಡ ಸುತ್ತುವುದಕ್ಕಿಂತ, ಗಾಳಿಯಾಡುವ ಈ ನೇತಾಟವೇ ಎಲ್ಲ ರೀತಿಯಿಂದಲೂ ಮೇಲು.

ಎರಡನೆಯ ಬಾಗಿಲು ಹೊಸ ಗಿಡ. ತಂದ ಗಿಡವನ್ನು ಉಳಿದವುಗಳ ಜೊತೆ ಸೇರಿಸದೆ ಮೂರು ನಾಲ್ಕು ವಾರ ಬೇರೆ ಕೋಣೆಯಲ್ಲಿಟ್ಟರೆ, ಅದರಲ್ಲಿ ಅಡಗಿರುವ ಮೊಟ್ಟೆಗಳು ಒಡೆದು ಕಣ್ಣಿಗೆ ಬೀಳುವಷ್ಟು ಕಾಲಾವಕಾಶ ಸಿಗುತ್ತದೆ. ಅನಾನಸ್‌ಗೆ ಬೀಳುವ ಹಿಟ್ಟು ತಿಗಣೆಯೇ ಅದರ ನೆಂಟರಾದ ಬ್ರೊಮೀಲಿಯಡ್ ಗಿಡಗಳಿಗೂ ಬೀಳುವುದರಿಂದ, ಕುಂಡದಲ್ಲಿ ಬೆಳೆಸಿದ ಆ ಗಿಡಗಳ ಪಕ್ಕದಲ್ಲಿ ಇಟ್ಟು ಮಾರುತ್ತಿರುವ ಏರ್ ಪ್ಲಾಂಟ್‌ಗಳನ್ನು ಇನ್ನೂ ಹೆಚ್ಚು ಎಚ್ಚರದಿಂದ ನೋಡಬೇಕು. ದಸರೆಯ ಸಮಯದಲ್ಲಿ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ ನೋಡಿ ಬರುವ ಹುಮ್ಮಸ್ಸಿನಲ್ಲಿ ಗಿಡ ಕೊಳ್ಳುವವರು ಅನೇಕ; ಆಗ ಮಳೆಯ ಕಾಲವೂ ಪೂರ್ತಿ ಮುಗಿದಿರುವುದಿಲ್ಲ. ಅಂತಹ ವೇಳೆ ಕೊಳ್ಳುವ ಗಿಡವನ್ನು ಅಂಗಡಿಯಲ್ಲಿಯೇ ತಲೆಕೆಳಗಾಗಿ ಹಿಡಿದು, ಬುಡದ ಎಲೆಗಳ ಸಂದಿಯನ್ನು ಬೆರಳಿನಿಂದ ಮೆಲ್ಲನೆ ಅಗಲಿಸಿ ನೋಡಿ. ಹತ್ತಿಯ ಗಂಟು, ಅಂಟು, ಇರುವೆ ಇವುಗಳಲ್ಲಿ ಯಾವುದು ಕಂಡರೂ ಬೆಲೆ ಎಷ್ಟೇ ಕಡಿಮೆ ಹೇಳಿದರೂ ಬೇರೆ ಗಿಡ ಕೇಳಿ. ಶೆಲ್ಲಿಗೋ ಮರದ ತುಂಡಿಗೋ ಅಂಟಿನಿಂದ ಕೂರಿಸಿ ಬುಡವೇ ಕಾಣದಂತೆ ಮಾಡಿದ ಗಿಡವನ್ನು ಕೊಳ್ಳಬೇಡಿ.